ಮಂಚದ ಕೆಳಗಿನ ಕಾವು

ನನ್ನದು ಬಾಯಿಯ ಉದ್ಯೋಗ. ಬಸ್‌ಸ್ಟ್ಯಾಂಡಿನ ಮಹಡಿಯ ಮೇಲೆ, ಗಾಜು ಹಾಕಿದ ಒಂದು ಸಣ್ಣ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವವಳು ನಾನು. ವರ್ಷಗಟ್ಟಲೆ ಹಾಗೆ ಹೇಳಿ ಹೇಳಿ, ಮನೆಯಲ್ಲೂ ಮೆಲ್ಲಗೆ ಮಾತಾಡಲು ಬಾರದಂತಾಗಿತ್ತು. ಇವಳು ಅಡುಗೆಮನೆಯಲ್ಲಿ ಉಪ್ಪು ಎಲ್ಲಿ ಎಂದು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ಅವರು ಅದೇ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್. ಇಡೀ ದಿನ ಎಂಜಿನ್ನುಗಳ ಸದ್ದಿನಲ್ಲಿ ಇರುವವರಿಗೆ ನನ್ನ ಗಂಟಲು ಒಂದು ಲೆಕ್ಕವೇ ಅಲ್ಲ.

ಆ ಮನೆಯಲ್ಲಿ ನನಗೆ ಸರಿಗಟ್ಟುವ ಬಾಯಿ ಇದ್ದದ್ದು ಅತ್ತೆಗೆ ಮಾತ್ರ. ಹಿತ್ತಿಲಿನಲ್ಲಿ ಅವರು ಕೋಳಿ ಸಾಕಿದ್ದರು. ಬೈಗುಳವೆಲ್ಲ ನಮಗೆ, ಮುದ್ದೆಲ್ಲ ಕೋಳಿಗಳಿಗೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮೂಗು ಮುರಿದಿದ್ದೆ. ಒಗೆದು ಹರವಿದ ಬಟ್ಟೆಯ ಕೆಳಗೆ ಹಿಕ್ಕೆ, ನೆಟ್ಟ ಸೊಪ್ಪಿನ ಮಡಿಯೆಲ್ಲ ಕೆದಕಿ ಗುಂಡಿ, ಕಾಲಿಟ್ಟಲ್ಲೆಲ್ಲ ಪುಕ್ಕ. ಒಂದು ದಿನ ಅತ್ತೆ ಆಗ ತಾನೇ ಇಟ್ಟ ಮೊಟ್ಟೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟು ಹೋದರು. ಅದರ ಬಿಸಿ ಕೈಗೆ ಹತ್ತಿದ ಗಳಿಗೆಯಿಂದ ನಾನೂ ಕೆಟ್ಟೆ. ಆಮೇಲೆ ಡ್ಯೂಟಿ ಮುಗಿಸಿ ಬಂದವಳು ಚೀಲ ಇಳಿಸುವ ಮೊದಲೇ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಕೋಳಿ ಸಾಕಿದವರಿಗೇ ಗೊತ್ತು ಆ ಸುಖ. ಬಿಸಿಲಿಗೆ ಧೂಳಿನಲ್ಲಿ ಮಗ್ಗುಲಾಗಿ ಬಿದ್ದು, ಒಂದು ರೆಕ್ಕೆ ಚಾಚಿ, ಕಣ್ಣು ಅರೆಮುಚ್ಚಿದ ಹೇಂಟೆಯನ್ನು ನೋಡುತ್ತ ನಿಂತರೆ ನಮ್ಮ ಕಷ್ಟವೆಲ್ಲ ಯಾರದೋ ಕಷ್ಟ ಅನಿಸುತ್ತದೆ. ಕಾಳು ಹಾಕಿದಾಗ ಎಲ್ಲರಿಗಿಂತ ಮೊದಲು ತಾನೇ ತಿನ್ನಬೇಕೆನ್ನುವ ಬೂದು ಹೇಂಟೆಗೆ ನಾನು ಕಂಟ್ರೋಲರ್ ಎಂದು ಹೆಸರಿಟ್ಟಿದ್ದೆ, ನಮ್ಮ ಬಸ್‌ಸ್ಟ್ಯಾಂಡಿನ ಕಂಟ್ರೋಲರನ ನಡಿಗೆಯೇ ಅದರದ್ದು. ಚಿಂತೆಯೂ ಅಷ್ಟೇ ಇತ್ತು. ಮೇಲೆ ಹದ್ದು, ಕೆಳಗೆ ಮುಂಗುಸಿ, ಗೋಡೆಯ ಮೇಲೆ ಬೆಕ್ಕು. ಒಂದು ಕೋಳಿ ತೂಕಡಿಸಿದರೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ.

ಬೆಳಕು ಇಳಿಯುವ ಹೊತ್ತಿಗೆ ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಕರೆಯುತ್ತಿದ್ದರು. "ಬೋಬ್ಬೋಬ್ಬೋ... ಬಂದ್ಬಿಡ್ರೋ, ಬಂದ್ಬಿಡ್ರೋ." ಎದೆಯೊಳಗಿನಿಂದ ತಗ್ಗಿನಲ್ಲಿ ಹೊರಟು, ಕೊನೆಗೆ ಮೇಲೇರಿ ಒಡೆಯುವ ಕರೆ ಅದು. ಎಲ್ಲೆಲ್ಲೋ ಕೆದಕುತ್ತಿದ್ದ ಕೋಳಿಗಳು ಬಿದ್ದು ಎದ್ದು ಓಡಿ ಬರುತ್ತಿದ್ದವು. ಒಂದು ಹೊರಗುಳಿದರೂ ಅತ್ತೆ ಒಳಗೆ ಬರುತ್ತಿರಲಿಲ್ಲ. ಮಳೆ ಬರಲಿ, ಒಲೆಯ ಮೇಲೆ ಹಾಲು ಉಕ್ಕಲಿ, ಅಲ್ಲೇ ನಿಂತು ಕರೆಯುತ್ತಲೇ ಇರುತ್ತಿದ್ದರು.

ಅವು ಆ ಕರೆಗೆ ಅಷ್ಟು ಕಟ್ಟುಬೀಳಲು ಅವರದೇ ಒಂದು ಪದ್ಧತಿ ಇತ್ತು. ಕಾವಿಗೆ ಕೂತ ಕೋಳಿಯ ಪಕ್ಕದಲ್ಲಿ ದಿನಾ ಸಂಜೆ ಕೂತು ಅದರ ಹೊಟ್ಟೆಯಡಿಯ ಮೊಟ್ಟೆಗಳನ್ನೂ ಹೀಗೆಯೇ ಕರೆಯುವುದು. ಚಿಪ್ಪಿನೊಳಗಿರುವಾಗ ಯಾರ ದನಿ ಕೇಳುತ್ತವೋ ಮರಿಗಳು ಅವರವೇ, ಆಮೇಲೆ ಬೇರೆಯವರು ಏನು ಚೆಲ್ಲಿದರೂ ಅವರ ಹಿಂದೆ ಹೋಗುವುದಿಲ್ಲ ಎಂದು ಅವರ ನಂಬಿಕೆ. ಮೊಟ್ಟೆಗೆ ದನಿ ಕೊಡುವುದು ಎಂದು ಅದಕ್ಕೆ ಹೆಸರು. ನಮ್ಮವರು ನಕ್ಕು ಸುಮ್ಮನಾಗುತ್ತಿದ್ದರು. ದನಿಯಿಂದಲೇ ಅನ್ನ ತಿನ್ನುವ ನಾನು ಮಾತ್ರ ಇದ್ದರೂ ಇರಬಹುದು ಅಂದುಕೊಂಡಿದ್ದೆ.

ನಾನು ಬಸುರಿಯಾಗಿ ಆರನೇ ತಿಂಗಳು ನಡೆಯುತ್ತಿದ್ದಾಗ ಗಂಟಲು ಕೈಕೊಟ್ಟಿತು. ಒಂದು ಬೆಳಿಗ್ಗೆ ಮೈಕಿನ ಮುಂದೆ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಗಂಟಲ ಡಾಕ್ಟರು ಸಣ್ಣ ಕನ್ನಡಿ ಇಳಿಸಿ ನೋಡಿ, ಸ್ವರ ಹೊರಡುವಲ್ಲಿ ಗಂಟಾಗಿದೆ, ಬಸುರಿಗೆ ಈಗ ಆಪರೇಷನ್ ಬೇಡ, ಹೆರಿಗೆಯ ತನಕ ಬಾಯಿ ಮುಚ್ಚಿಕೊಂಡಿರಿ ಎಂದರು. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದಂತೆ. ನಾನು ರಜೆ ಹಾಕಿ, ಬಾಯಿಗೆ ಬೀಗ ಜಡಿದುಕೊಂಡು, ಕೈಸನ್ನೆಯಲ್ಲೇ ಸಂಸಾರ ನಡೆಸತೊಡಗಿದೆ. ಊರಿಗೆಲ್ಲ ದಾರಿ ಹೇಳುತ್ತಿದ್ದವಳಿಗೆ ಒಂದು ಲೋಟ ನೀರು ಕೇಳಲು ಎಷ್ಟು ಕಷ್ಟ ನೋಡು ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಿ ಅನ್ನಲಾಗದೆ ನನ್ನ ಹೊಟ್ಟೆ ಉರಿದುಹೋಯಿತು.

ಅದೇ ಹೊತ್ತಿಗೆ ಕಂಟ್ರೋಲರ್ ಕಾವಿಗೆ ಕೂತಿತು. ಅತ್ತೆ ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, ಆರಿಸಿ, ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟರು. ಈ ಸಲದ ಮರಿಗಳು ನಿನ್ನವು, ದನಿ ನೀನೇ ಕೊಡಬೇಕು, ನನಗೂ ವಯಸ್ಸಾಯಿತು ಎಂದು ಅವರು ತುಂಬ ಹಿಂದೆಯೇ ಹೇಳಿಟ್ಟಿದ್ದರು. ನಾನು ಗಂಟಲು ಮುಟ್ಟಿ ತೋರಿಸಿ, ಆಗುವುದಿಲ್ಲ ಎಂದು ಕೈಯಾಡಿಸಿದೆ.

"ಅದಕ್ಯಾಕೆ ಮುಖ ಸಣ್ಣ ಮಾಡ್ತೀಯ," ಎಂದರು ಅತ್ತೆ. "ನಿನ್ ಗಂಟ್ಲು ಬಿಡೋ ತನಕ ನಿನ್ ಬದ್ಲು ನಾನೇ ಕರೀತೀನಿ. ಆಮೇಲೆ ಎಲ್ಲಾನೂ ನಿನಗೇ ಒಪ್ಪಿಸಿಬಿಡ್ತೀನಿ."

ಅದು ಪ್ರೀತಿಯ ಮಾತು. ಅದರಲ್ಲಿ ಒಂದು ಚೂರೂ ಕೆಡುಕಿರಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಅತ್ತೆ ಆಸ್ಪತ್ರೆಯಲ್ಲಿ ಇರುವುದಿಲ್ಲ ಎಂದು ಹಟ ಹಿಡಿದು ಮನೆಗೆ ಬಂದರು. ಬಂದವರೇ, ಕಾವಿನ ಬುಟ್ಟಿಯನ್ನು ಕೋಳಿ ಸಮೇತ ತಮ್ಮ ಮಂಚದ ಕೆಳಗೆ ತರಿಸಿಕೊಂಡರು. ಹಿತ್ತಿಲ ತನಕ ನಡೆಯಲು ಆಗದಿದ್ದರೆ ಏನಾಯಿತು, ಮಲಗಿದ್ದಲ್ಲಿಂದಲೇ ಕರೆಯುತ್ತೇನೆ ಎಂದರು. ಆ ಕೋಣೆಯ ತುಂಬ ಔಷಧಿಯ ವಾಸನೆ, ಹುಲ್ಲಿನ ವಾಸನೆ, ಕೋಳಿಯ ಮೈಬಿಸಿಯ ವಾಸನೆ. ನಾನು ಮಂಚಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತು ಗಂಜಿ ಕುಡಿಸುತ್ತಿದ್ದೆ, ಬೆವರು ಒರೆಸುತ್ತಿದ್ದೆ. ಅವರು ಒಂದು ಕೈ ಮಂಚದ ಕೆಳಗೆ ಇಳಿಬಿಟ್ಟು ಬುಟ್ಟಿಯನ್ನು ಮುಟ್ಟುತ್ತ ಕರೆಯುತ್ತಿದ್ದರು. ಆಮೇಲೆ ಇನ್ನೊಂದು ಕೈ ನನ್ನ ಹೊಟ್ಟೆಯ ಮೇಲಿಟ್ಟು, ಇದೂ ಒಂದು ಮೊಟ್ಟೆ ತಾನೇ ಎಂದು ನಕ್ಕು, ಅದನ್ನೂ ಕರೆಯುತ್ತಿದ್ದರು. ಒಳಗಿನಿಂದ ಮಗು ಒದೆಯುತ್ತಿತ್ತು. ನಾನೂ ನಗುತ್ತಿದ್ದೆ, ಸದ್ದಿಲ್ಲದೆ.

ಜ್ವರ ಏರಿದ ಮೇಲೆ ಕರೆಗೆ ಹೊತ್ತು ಗೊತ್ತು ಇಲ್ಲದಾಯಿತು. ಕಣ್ಣು ಮುಚ್ಚಿಕೊಂಡೇ ಕರೆಯುತ್ತಿದ್ದರು. ನಡುವೆ ನಿಲ್ಲಿಸಿ, ಎಲ್ಲ ಒಳಗೆ ಬಂದವಾ ಎಂದು ಕೇಳುತ್ತಿದ್ದರು. ನಾನು ಅವರ ಕೈ ಅದುಮಿ ಹೌದು ಎನ್ನುತ್ತಿದ್ದೆ. ಅವರು ತಲೆಯಾಡಿಸಿ, ಇಲ್ಲ, ಇನ್ನೂ ಹೊರಗಿವೆ ಎಂದು ಮತ್ತೆ ಶುರುಮಾಡುತ್ತಿದ್ದರು. ಹಾಗೆ ಕರೆಯುತ್ತ ಕರೆಯುತ್ತಲೇ ಒಂದು ಮಧ್ಯಾಹ್ನ ಹೋಗಿಬಿಟ್ಟರು. ಜನ ಬಂದರು, ಎತ್ತಿಕೊಂಡು ಹೋದರು. ಖಾಲಿ ಮಂಚದ ಕೆಳಗಿನಿಂದ ಸಣ್ಣಗೆ ಟಿಕಟಿಕ ಸದ್ದು ಬರುತ್ತಿತ್ತು. ನಾನು ಹೊಟ್ಟೆ ಹೊತ್ತುಕೊಂಡು ಕಷ್ಟದಿಂದ ಬಗ್ಗಿ ನೋಡಿದರೆ, ಕಂಟ್ರೋಲರಿನ ರೆಕ್ಕೆಯ ಅಂಚಿನಿಂದ ಒದ್ದೆ ತಲೆಗಳು ಇಣುಕುತ್ತಿದ್ದವು. ಎಂಟು ಹೂಮರಿ.

ಬೇರೆ ಕೋಳಿಗಳನ್ನೆಲ್ಲ ಅತ್ತೆ ಹಾಸಿಗೆ ಹಿಡಿದಾಗಲೇ ನೆಂಟರಿಗೆ ಕೊಟ್ಟಿದ್ದೆವು. ಅತ್ತೆಯ ಕೊನೆಯ ಮರಿಗಳೆಂದು ನಾವು ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದೆವು. ನುಚ್ಚು ನೆನೆಸಿ ಹಾಕಿದರೆ ತಿನ್ನುತ್ತಿದ್ದವು, ಕೈಗೆ ಬರುತ್ತಿರಲಿಲ್ಲ. ನಮ್ಮವರು ಅವರಮ್ಮನಂತೆಯೇ ಕರೆಯಲು ನೋಡಿದರು. ಅವರ ಕರೆ ಹಾರ್ನ್ ಕೆಟ್ಟ ಬಸ್ಸಿನಂತಿತ್ತು, ಮರಿಗಳು ಕತ್ತೂ ಎತ್ತಲಿಲ್ಲ. ಸಂಜೆಯಾದರೆ ಮಾತ್ರ ಅವುಗಳ ರೀತಿಯೇ ಬೇರೆಯಾಗುತ್ತಿತ್ತು. ಕೆದಕುತ್ತಿದ್ದವು ಥಟ್ಟನೆ ನಿಲ್ಲುತ್ತಿದ್ದವು. ಎಂಟೂ ಒಟ್ಟಿಗೆ ತಲೆ ಎತ್ತಿ, ಒಂದೇ ಕಡೆ ತಿರುಗಿ, ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಬಿದ್ದು ಎದ್ದು ಓಡುತ್ತಿದ್ದವು. ಗೂಡಿನ ಕಡೆಗಲ್ಲ, ಹಿಂದಿನ ಗೋಡೆಯ ಕಡೆಗೆ.

ಆ ಗೋಡೆಯಲ್ಲಿ ಒಂದು ಹಳೆಯ ಮರದ ಬಾಗಿಲು. ಅದರಾಚೆ ಯಾರೋ ಕಟ್ಟಲು ಶುರುಮಾಡಿ ಕೈಬಿಟ್ಟ ಮನೆ. ಕಂಬಗಳು ಎದ್ದಿವೆ, ಗೋಡೆಗಳು ಎದ್ದಿಲ್ಲ. ನೆಲದಲ್ಲಿ ಮುಚ್ಚಳವಿಲ್ಲದ ಒಂದು ದೊಡ್ಡ ನೀರಿನ ಸಂಪು, ಅದರ ತುಂಬ ಪಾಚಿಗಟ್ಟಿದ ಮಳೆನೀರು. ಮರಿಗಳು ಆ ಬಾಗಿಲಿಗೆ ಎದೆಯೊತ್ತಿ ಸಾಲಾಗಿ ನಿಲ್ಲುತ್ತಿದ್ದವು. ನಾನು ಒಂದೊಂದನ್ನೇ ಹಿಡಿದು ಗೂಡಿಗೆ ಹಾಕಬೇಕು. ಅಂಗೈಯಲ್ಲಿ ಅವುಗಳ ಎದೆ ಡವಗುಟ್ಟುವುದು ಗೊತ್ತಾಗುತ್ತಿತ್ತು. ನನ್ನ ಮುಖದ ಕಡೆ ಒಂದೂ ನೋಡುತ್ತಿರಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ನನ್ನ ದನಿಯೂ ಮೆಲ್ಲಗೆ ಹಿಂದಿರುಗಿತು, ಆದರೆ ಮೊದಲಿನದಲ್ಲ. ತಗ್ಗಿನಲ್ಲಿ ಹೊರಟು ನಡುವೆ ಒಡೆಯುತ್ತಿತ್ತು. ಪರವಾಗಿಲ್ಲ ಅಂದುಕೊಂಡೆ. ಮಗುವಿನ ಮುಖದ ಮೇಲೆ ಬಗ್ಗಿ, ಇಷ್ಟು ತಿಂಗಳು ಕಟ್ಟಿಟ್ಟುಕೊಂಡಿದ್ದ ಮಾತೆಲ್ಲವನ್ನೂ ಸುರಿದೆ. ಬಂಗಾರ, ಪುಟ್ಟಿ, ನನ್ನ ಕಂದ, ನನ್ನ ಎಕ್ಸ್‌ಪ್ರೆಸ್ ಬಸ್ಸು ಎಂದೆಲ್ಲ ಕರೆದೆ. ಮಗು ಸೀಲಿಂಗ್ ನೋಡುತ್ತಿತ್ತು. ಎಳೆಗೂಸು, ಏನು ತಿಳಿಯುತ್ತದೆ ಎಂದು ಎಲ್ಲರೂ ಅಂದರು. ತಿಂಗಳುಗಳು ಹೋದವು. ಬೇರೆ ಮಕ್ಕಳು ಅಮ್ಮನ ದನಿಗೆ ಕೈಕಾಲು ಬಡಿಯುತ್ತವೆ, ಅಳು ನಿಲ್ಲಿಸುತ್ತವೆ. ನನ್ನ ಮಗು ನಾನು ಎಷ್ಟು ಕರೆದರೂ ಕಣ್ಣು ತಿರುಗಿಸುತ್ತಿರಲಿಲ್ಲ. ನನ್ನ ಎದೆಹಾಲು ಅದಕ್ಕೆ ಬೇಕಿತ್ತು, ನಾನು ಬೇಕಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಕಿವಿ ಕೇಳದೇನೋ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ತಂತಿ ಅಂಟಿಸಿ, ಸದ್ದು ಮಾಡಿ, ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ, ಸ್ವಲ್ಪ ಹೆಚ್ಚೇ ಚೆನ್ನಾಗಿದೆ ಎಂದರು. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ದನಿ ಮೊಳಗುತ್ತಿತ್ತು. ನಾನು ಕೆಲಸಕ್ಕೆ ಹೋಗುವ ತನಕ ರೆಕಾರ್ಡ್ ಹಾಕಿ ನಡೆಸುತ್ತಿದ್ದರು. ನಮ್ಮವರು ಮಗುವನ್ನು ಸ್ಪೀಕರಿನ ಕಡೆ ಎತ್ತಿ ಹಿಡಿದು, ನೋಡು, ನಿಮ್ಮಮ್ಮ ಎಂದರು. ಮಗು ಆಕಳಿಸಿತು. ಅಲ್ಲಿದ್ದ ಕಂಡಕ್ಟರುಗಳೆಲ್ಲ ನಕ್ಕರು, ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ.

ಅಷ್ಟರಲ್ಲಿ ಮರಿಗಳು ಬೆಳೆದು ಕೋಳಿಯಾಗಿದ್ದವು. ಒಂದು ಸಂಜೆ ಎಣಿಸಿದರೆ ಏಳು. ಬಾಗಿಲಿನ ಕೆಳಗೆ ಮಣ್ಣು ಕೆದಕಿ ಗುಂಡಿಯಾಗಿತ್ತು. ಬೆಕ್ಕು ಹೊತ್ತುಕೊಂಡು ಹೋಯಿತು ಎಂದರು ನಮ್ಮವರು. ಬೆಕ್ಕು ಹೊರಗಿನಿಂದ ತೋಡಬೇಕು, ಇದು ಒಳಗಿನಿಂದ ತೋಡಿದ ಗುಂಡಿ. ಮಣ್ಣೆಲ್ಲ ನಮ್ಮ ಕಡೆಗೇ ಚೆಲ್ಲಿತ್ತು. ಇನ್ನೊಂದು ಹೋದ ಮೇಲೆ ಅವರು ಆಚೆಯ ಜಾಗವನ್ನೆಲ್ಲ ಜಾಲಾಡಿದರು, ಸಂಪಿನೊಳಗೆ ಕೋಲು ಹಾಕಿ ತಿರುವಿದರು. ಒಂದು ಪುಕ್ಕ ಸಿಗಲಿಲ್ಲ, ಒಂದು ಹನಿ ರಕ್ತ ಕಾಣಲಿಲ್ಲ. ಸಿಟ್ಟಿಗೆದ್ದು ಡಿಪೋದಿಂದ ಬಸ್ಸಿನ ಬೋಲ್ಟುಗಳನ್ನು ತಂದು ಬಾಗಿಲನ್ನು ಕಬ್ಬಿಣದ ಪಟ್ಟಿಯೊಂದಿಗೆ ಚೌಕಟ್ಟಿಗೆ ಬಿಗಿದರು. ಇನ್ನು ಆನೆ ಬಂದರೂ ತೆಗೆಯಲಾಗದು ಎಂದು ಕೈ ಒರೆಸಿಕೊಂಡರು. ಕೆಳಗಿನ ಗುಂಡಿಯನ್ನು ಮುಚ್ಚಿದಷ್ಟೂ ಕೋಳಿಗಳು ಇನ್ನಷ್ಟು ಆಳ ಮಾಡಿದವು, ಇನ್ನೂ ಮೂರು ಹಾಗೇ ಹೋದವು.

ಆ ದಿನಗಳಲ್ಲೇ ಒಂದು ಸಂಜೆ ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದೆ. ಉಳಿದ ಕೋಳಿಗಳು ಮುಂದೆ ಮೇಯುತ್ತಿದ್ದವು. ಗಾಳಿ ಇರಲಿಲ್ಲ. ಕೋಳಿಗಳು ಥಟ್ಟನೆ ತಲೆ ಎತ್ತಿ ಬಾಗಿಲಿನ ಕಡೆ ತಿರುಗಿದವು. ಅದೇ ಗಳಿಗೆಯಲ್ಲಿ ಮಗು ಮೊಲೆ ಬಿಟ್ಟು, ಕತ್ತು ಹೊರಳಿಸಿ, ಬಾಗಿಲಿನ ಕಡೆ ನೋಡಿತು. ತುಟಿಯ ಮೇಲೆ ಹಾಲು ಹಾಗೇ ನಿಂತಿತ್ತು. ನಾನು ಅದುವರೆಗೆ ಒಮ್ಮೆಯೂ ಕಾಣದಿದ್ದ ನಗು ಅದರ ಮುಖದ ಮೇಲೆ ಬಂತು. ನನಗೆ ಏನೂ ಕೇಳಿಸಲಿಲ್ಲ. ಕೇಳಿಸಿದ್ದರೆ ಚೆನ್ನಾಗಿತ್ತು.

ನಮ್ಮವರಿಗೆ ಹೇಳಿದೆ. ಬಾಣಂತಿಯ ಮನಸ್ಸು, ಏನೇನೋ ಅನಿಸುತ್ತದೆ ಎಂದು ಮೊದಲು ಸಮಾಧಾನ ಮಾಡಿದರು. ಮರುದಿನ ಬೇಗ ಬಂದು ತಾವೇ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತರು. ಕೋಳಿಗಳು ತಲೆ ಎತ್ತಿದವು, ಮಗು ತಿರುಗಿತು. ಅವರು ಮಗುವನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ, ಅತ್ತೆಯ ಖಾಲಿ ಮಂಚದ ಮೇಲೆ ಕೂತರು.

ಕೋಳಿಗಳನ್ನು ಕೊಟ್ಟುಬಿಡೋಣ ಎಂದು ನಾನು ಹಟ ಹಿಡಿದೆ. ಅಮ್ಮ ಕಾವಿಗಿಟ್ಟ ಕೊನೆಯ ಕೋಳಿಗಳು, ಹೇಗೆ ಕೊಡಲಿ ಎಂದು ಅವರು ಒಪ್ಪಲಿಲ್ಲ. ಅವರು ಡಿಪೋಗೆ ಹೋಗಿದ್ದಾಗ ನಾನೇ ಉಳಿದ ಮೂರನ್ನೂ ಬುಟ್ಟಿ ಮುಚ್ಚಿ ಪಕ್ಕದ ಮನೆಯ ಟೈಲರಮ್ಮನಿಗೆ ಕೊಟ್ಟುಬಂದೆ. ಆಕೆ ಸಂತೋಷದಿಂದ ಇಟ್ಟುಕೊಂಡಳು, ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಪಂಜರ ಇಟ್ಟು ಚಿಲಕ ಹಾಕಿದಳು. ಬೆಳಿಗ್ಗೆ ಗೋಡೆಯ ಮೇಲಿನಿಂದ ಇಣುಕಿ, ಅಕ್ಕಾ, ನಿಮ್ಮ ಕೋಳಿಗಳು ಕಬ್ಬಿಣದ ತಂತಿ ಬಗ್ಗಿಸಿಕೊಂಡು ಹೋಗಿವೆ, ಕೊಕ್ಕಿನ ಚೂರು ಪಂಜರದಲ್ಲಿ ಬಿದ್ದಿದೆ ಎಂದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ತಾಯಿ ಕೋಳಿ ಕಂಟ್ರೋಲರ್ ಮಾತ್ರ ನಮ್ಮಲ್ಲೇ ಉಳಿಯಿತು. ಅದಕ್ಕೆ ಆ ಕರೆಯ ಗೊಡವೆಯೇ ಇರಲಿಲ್ಲ. ಅದು ಅತ್ತೆ ಗಟ್ಟಿಮುಟ್ಟಾಗಿದ್ದಾಗ ಮರಿಯಾದದ್ದು, ಮೆಟ್ಟಿಲ ಮೇಲೆ ನಿಂತು ಕರೆದವರ ಕೋಳಿ. ಮಂಚದ ಮೇಲಿನಿಂದ ಕರೆದದ್ದು ಎಂಟನ್ನು. ಎಂಟೂ ಹೋದವು, ಇನ್ನಾದರೂ ಮುಗಿಯಿತಲ್ಲ ಎಂದು ನನ್ನ ಮನಸ್ಸು ಹಗುರವಾಯಿತು. ಅವತ್ತು ಮನೆಯೆಲ್ಲ ಗುಡಿಸಿ ಒರೆಸಿ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಹೊಸ ಅಂಗಿ ತೊಡಿಸಿದೆ. ಸಂಜೆಯಾಯಿತು. ಖಾಲಿ ಹಿತ್ತಿಲಿನಲ್ಲಿ ಕಂಟ್ರೋಲರ್ ಒಂದೇ ತನ್ನ ಪಾಡಿಗೆ ಹುಳ ಹೆಕ್ಕುತ್ತಿತ್ತು. ಮಗು ನನ್ನ ಸೊಂಟದ ಮೇಲಿಂದ ಬಾಗಿಲಿನ ಕಡೆ ತಿರುಗಿ, ಎರಡೂ ಕೈ ಚಾಚಿತು.

ಅತ್ತೆಗೆ ಒಂದು ಹೊರಗುಳಿದರೂ ಆಗುತ್ತಿರಲಿಲ್ಲ. ಆ ಕೋಣೆಯಲ್ಲಿ ಅವರು ಕರೆದದ್ದು ಎಂಟನ್ನಲ್ಲ, ಒಂಬತ್ತನ್ನು. ಅದು ಹೊಳೆದ ಮೇಲೆ ನಾನು ಮಗುವನ್ನು ನೆಲಕ್ಕೆ ಬಿಡುವುದನ್ನೇ ನಿಲ್ಲಿಸಿದೆ.

ಆದರೆ ಎಷ್ಟು ದಿನ ಹೊತ್ತು ತಿರುಗಲಾದೀತು. ಮಗು ಅಂಬೆಗಾಲಿಡತೊಡಗಿತು. ಹಿತ್ತಿಲಿನ ಬಾಗಿಲಿಗೆ ಚಿಲಕ, ಚಿಲಕಕ್ಕೊಂದು ಹಗ್ಗ ಹಾಕಿ ಕಟ್ಟಿದೆ. ಗೋಡೆಯ ಬಾಗಿಲು ಹೇಗೂ ಬೋಲ್ಟು ಬಿಗಿದದ್ದು, ಅದರ ಕೆಳಗಿನ ಗುಂಡಿ ಕೋಳಿಗಳದು. ಅಷ್ಟು ಸಣ್ಣ ಸಂದಿನಲ್ಲಿ ಮಗು ನುಸುಳುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಆ ಸಂಜೆ ಮೋಡ ಕವಿದಿತ್ತು. ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ, ಮೊದಲ ಹನಿ ಬಿದ್ದಾಗ ಬಟ್ಟೆ ತಬ್ಬಿಕೊಂಡು ಒಳಗೆ ಓಡಿದೆ, ಹಾಸಿಗೆಯ ಮೇಲೆ ಹಾಕಿ, ಹಸಿಯಿದ್ದವನ್ನು ಆರಿಸಿ ಒಂದೊಂದಾಗಿ ಒಳಗೆ ಹರವಿದೆ. ತೊಟ್ಟಿಲಿನ ಪಕ್ಕದಲ್ಲಿ ಆಡುತ್ತಿದ್ದ ಮಗು ಇರಲಿಲ್ಲ. ಹಿತ್ತಿಲಿನ ಬಾಗಿಲು ತೆರೆದೇ ಇತ್ತು.

ಒದ್ದೆ ಮಣ್ಣಿನ ಮೇಲೆ ಪುಟ್ಟ ಅಂಗೈಗಳ ಗುರುತು ನೇರವಾಗಿ ಗುಂಡಿಯ ತನಕ ಹೋಗಿತ್ತು. ಬಾಗಿಲಿನ ಹಲಗೆಗಳ ಸಂದಿನಿಂದ ನೋಡಿದೆ. ಕಂಬಗಳ ನಡುವೆ ಮಗು ತೆವಳಿಕೊಂಡು ಹೋಗುತ್ತಿತ್ತು, ಅಂಗಿಯ ಬೆನ್ನು ಕೆಸರಾಗಿತ್ತು. ಅದರ ಮುಂದೆ ಸ್ವಲ್ಪ ದೂರದಲ್ಲಿ ಸಂಪು. ಬಾಗಿಲನ್ನು ಎಳೆದೆ, ಕಾಲಿನಿಂದ ಒದ್ದೆ. ಆನೆ ಬಂದರೂ ತೆಗೆಯಲಾಗದ ಬಾಗಿಲು. ಹಿಂದಿನ ಗೋಡೆ ನನ್ನ ತಲೆಗಿಂತ ಎತ್ತರ. ಬೀದಿ ಸುತ್ತಿಕೊಂಡು ಹೋಗೋಣವೆಂದರೆ ಸಾಲುಮನೆಗಳನ್ನೆಲ್ಲ ದಾಟಬೇಕು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾನು ಕೂಗಿದೆ. ಇದ್ದಬದ್ದ ಹೆಸರೆಲ್ಲ ಹಿಡಿದು ಕೂಗಿದೆ. ಬಸ್‌ಸ್ಟ್ಯಾಂಡಿನ ಆಚೆ ತುದಿಯ ತನಕ ಕೇಳುತ್ತಿದ್ದ ಗಂಟಲು ಅದು. ಮಗು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಆಗಾಗ ನಿಂತು, ಮುಂದೆ ಕಿವಿಗೊಟ್ಟು, ನಕ್ಕು, ಮತ್ತೆ ತೆವಳುತ್ತಿತ್ತು.

ಅದರ ಕೈ ಸಂಪಿನ ಸಿಮೆಂಟಿನ ಅಂಚಿಗೆ ತಾಗಿದಾಗ ನನ್ನ ಬಾಯಿಂದ ಹೊರಟದ್ದು ನನ್ನ ಕೂಗಲ್ಲ.

"ಬೋಬ್ಬೋಬ್ಬೋ... ಬಂದ್ಬಿಡ್ರೋ, ಬಂದ್ಬಿಡ್ರೋ."

ಎದೆಯೊಳಗಿನಿಂದ ತಗ್ಗಿನಲ್ಲಿ ಹೊರಟು ಮೇಲೇರಿ ಒಡೆಯಿತು. ನಾನು ಅನುಕರಿಸಬೇಕಾಗಲೇ ಇಲ್ಲ. ಕೆಟ್ಟು ಹಿಂದಿರುಗಿದ ನನ್ನ ಗಂಟಲಿಗೆ ಅದು ಹೇಳಿ ಮಾಡಿಸಿದಂತಿತ್ತು. ಮಗು ನಿಂತಿತು. ಸಂಪಿನ ಕಡೆ ನೋಡಿತು, ನನ್ನ ಕಡೆ ತಿರುಗಿತು, ಮತ್ತೆ ಸಂಪಿನ ಕಡೆ ನೋಡಿತು. ಎರಡು ಕಡೆಯಿಂದಲೂ ಒಂದೇ ದನಿ ಕರೆದರೆ ಅದಾದರೂ ಏನು ಮಾಡಬೇಕು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಅದರ ಮುಖ ಅತ್ತ ವಾಲುತ್ತಿತ್ತು. ನನಗೆ ಭಯದ ಜೊತೆ ಸಿಟ್ಟೂ ಬಂತು. ಬಾಯಿಗೆ ಬಾಯಿ ಕೊಟ್ಟು ನಾನು ಆ ಮನೆಯಲ್ಲಿ ಯಾವತ್ತೂ ಸೋತವಳಲ್ಲ. ಮಣ್ಣಿನಲ್ಲಿ ಮಂಡಿಯೂರಿ, ಗುಂಡಿಗೆ ಬಾಯಿಟ್ಟು, ಉಸಿರು ಬಿಡದೆ ಕರೆದೆ. ಗಂಟಲಲ್ಲಿ ರಕ್ತದ ರುಚಿ ಬಂದರೂ ಬಿಡಲಿಲ್ಲ. ಮಳೆ ಜೋರಾಯಿತು. ಮಗು ಮೆಲ್ಲಗೆ ಮೈ ತಿರುಗಿಸಿ, ಕಂಬಗಳ ನಡುವಿನಿಂದ, ನನ್ನ ಕಡೆ ತೆವಳಿಕೊಂಡು ಬಂತು.

ಗುಂಡಿಯಿಂದ ಎಳೆದುಕೊಂಡು ಎದೆಗೆ ಒತ್ತಿಕೊಂಡೆ. ಒಳಗೆ ಬಂದು ಬಾಗಿಲು ಹಾಕಿ ನೆಲದ ಮೇಲೆ ಕೂತೆ. ಒದ್ದೆ ತಲೆ ಒರೆಸುತ್ತ, ನನ್ನ ಬಂಗಾರ, ನನ್ನ ಕಂದ ಎಂದೆ. ಮಗುವಿನ ಮೈ ಸೆಟೆದುಕೊಂಡಿತು, ಮುಖ ಹಿತ್ತಿಲಿನ ಕಡೆ ತಿರುಗಿತು, ಕಾಲು ನನ್ನ ಹೊಟ್ಟೆಯನ್ನು ಒದ್ದು ಇಳಿಯಲು ನೋಡಿತು. ಮತ್ತೆ ಆ ಕರೆಯನ್ನೇ, ಮೆಲ್ಲಗೆ, ಅದರ ಕಿವಿಯಲ್ಲಿ ಕರೆದೆ. ಮೈ ಸಡಿಲವಾಯಿತು. ಮೊದಲ ಸಲ ನನ್ನ ಮುಖವನ್ನು ಕಣ್ಣಿಟ್ಟು ನೋಡಿ ನಕ್ಕಿತು. ಇಷ್ಟು ತಿಂಗಳು ಅದಕ್ಕಾಗಿಯೇ ಕಾದಿದ್ದ ನಾನು ಆ ನಗುವನ್ನು ಕಂಡು ನಡುಗಿಹೋದೆ. ಇನ್ನು ಇವಳಿಗೆ ಮಾತು ಕಲಿಸುವುದೂ, ಗದರುವುದೂ, ಮಲಗಿಸುವುದೂ ಇದೇ ದನಿಯಲ್ಲಿ. ನನ್ನ ದನಿಯಲ್ಲಿ ನಾನು ಒಂದು ಮಾತಾಡಿದರೂ ಇವಳು ಅತ್ತ ಹೊರಡುತ್ತಾಳೆ.

ಮುಂಬಾಗಿಲು ತೆರೆದ ಸದ್ದಾಯಿತು. ನಮ್ಮವರು ಡಿಪೋದಿಂದ ಬಂದಿದ್ದರು. ಮನೆಯಲ್ಲಿ ದೀಪ ಹಾಕಿರಲಿಲ್ಲ. ಮಗು ಇನ್ನೂ ಎಚ್ಚರವಾಗಿತ್ತು, ನಾನು ಕರೆಯುವುದನ್ನು ನಿಲ್ಲಿಸುವಂತಿರಲಿಲ್ಲ. ಅವರ ಹೆಜ್ಜೆ ನಡುಮನೆಯಲ್ಲಿ ನಿಂತುಹೋಯಿತು.

"ಅಮ್ಮಾ?" ಎಂದರು ಕತ್ತಲೆಯಲ್ಲಿ. "ನೀನೇನಾ?"

ಅಲ್ಲ, ನಾನು ಎನ್ನಲು ಬಾಯಿ ತೆರೆದೆ. ಮಗು ಕತ್ತೆತ್ತಿ ನನ್ನ ತುಟಿಯನ್ನೇ ನೋಡುತ್ತಿತ್ತು.

"ಹೂಂ ಕಣೋ," ಎಂದೆ ಅತ್ತೆಯ ದನಿಯಲ್ಲಿ. "ನೆಂದಿದ್ದೀಯ. ಕೈಕಾಲು ತೊಳ್ಕೊಂಡು ಬಾ."

ಅವರು ಬಚ್ಚಲಿಗೆ ಹೋದರು. ಮಗು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಯಿತು.